ಅಮ್ಮ ಒಡ್ಡಿದ ಮುಂಗೈ

ಬೆಳಿಗ್ಗೆ ಅಮ್ಮನನ್ನು ತಲೆ ಬಾಚಲು ಕೂರಿಸಿದೆ. ದಿನವೂ ಅವಳು ಕೂರುವ ಸ್ಟೂಲಿನ ಕಾಲು ಅಲ್ಲಾಡುತ್ತಿತ್ತೆಂದು ಅವತ್ತು ಕೈಯಿರುವ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದಿದ್ದೆ. ಸಿಕ್ಕು ಬಿಡಿಸಿ, ಜಡೆಗೆ ಕಟ್ಟಲು ರಿಬ್ಬನ್ ಕೈಗೆತ್ತಿಕೊಂಡೆನೋ ಇಲ್ಲವೋ, ಅಮ್ಮ ಎರಡೂ ಮುಂಗೈಗಳನ್ನು ಕುರ್ಚಿಯ ಕೈಗಳ ಮೇಲೆ ಒಡ್ಡಿ ಕಣ್ಣು ಮುಚ್ಚಿಕೊಂಡಳು.

"ಬಿಗಿಯಾಗಿ ಬೇಡ ಕಣಮ್ಮ. ಅಲ್ಲಾಡೋದಿಲ್ಲ ನಾನು."

ರಿಬ್ಬನ್ ಕೈಯಲ್ಲೇ ಉಳಿಯಿತು. ಅವಳ ಸ್ವೆಟರಿನ ತೋಳು ಮೇಲಕ್ಕೆ ಸರಿಸಿದೆ. ಮುಂಗೈ ಸುತ್ತ ಎರಡು ಬೆರಳಗಲ ಕೆಂಪು. ಹಿಂದಿನ ವಾರ ಅದೇ ಗುರುತು ಕಂಡಾಗ ಎಲಾಸ್ಟಿಕ್ ಒತ್ತಿರಬೇಕು ಎಂದುಕೊಂಡು ಎಣ್ಣೆ ಸವರಿ ಸುಮ್ಮನಾಗಿದ್ದೆ.

ಬೂಟಿನ ದಾರ ಕಟ್ಟುತ್ತಿದ್ದ ಮಗಳು ತಲೆಯೆತ್ತಿ ನೋಡಿದಳು. ಎಂಟು ವರ್ಷಕ್ಕೇ ಮಾತುಮಾತಿಗೂ ಪ್ರಶ್ನೆ ಹಾಕುತ್ತಾಳೆಂದು ನಮ್ಮಕ್ಕ ಅವಳಿಗೆ ವಕೀಲಮ್ಮ ಎಂದು ಹೆಸರಿಟ್ಟಿದ್ದಾಳೆ. "ಅಮ್ಮಾ, ದೊಡ್ಡಮ್ಮ..." ಎಂದು ಬಾಯಿ ತೆರೆದಳು. ಆಮೇಲೆ ಕೇಳು ಎಂದೆ. ನುಂಗಿಕೊಂಡಳು.

ಅಮ್ಮ ಬದುಕಿಡೀ ಬಟ್ಟೆ ಹೊಲಿದವಳು. ಮರೆವು ಶುರುವಾದ ಮೇಲೆ ಅವಳ ಕೈಗೆ ಉಳಿದದ್ದು ಹೊಲಿಗೆ ಬಿಚ್ಚುವ ಕೆಲಸ ಮಾತ್ರ. ದಿಂಬು, ಪರದೆ, ನನ್ನ ರವಿಕೆ, ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಕೂಗಾಡುತ್ತಿದ್ದೆ, ಅವಳು ಅಳುತ್ತಿದ್ದಳು. ಆಗ ದಾರಿ ತೋರಿಸಿದವಳು ಅಕ್ಕ. ಮರೆವಿನ ಕಾಯಿಲೆಯವರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರವೊಂದಕ್ಕೆ ಅವಳು ಮ್ಯಾನೇಜರು. ಅದಕ್ಕೆಂದೇ ತರಬೇತಿ ಪಡೆದು ಬಂದವಳು. ನನ್ನ ಅಡುಗೆಮನೆಯಲ್ಲಿ ನಿಂತು ಒಂದೊಂದನ್ನೂ ಮಾಡಿ ತೋರಿಸಿದಳು. ಹಿಂದಿನಿಂದ ಹೋಗಿ ಮುಟ್ಟಬಾರದು, ಎದುರಿಗೆ ಬಂದು ಮುಖ ತೋರಿಸಿ ಮಾತಾಡಿಸಬೇಕು. ಬೇಡ ಎಂದು ಕೈ ಕಿತ್ತುಕೊಳ್ಳಬಾರದು. ಕೈ ಕೆಲಸ ಕೇಳುತ್ತಿದ್ದರೆ ಕೆಲಸ ಕೊಡಬೇಕು. ಅಂದಿನಿಂದ ನಾನು ಹಳೆಯ ಬಟ್ಟೆಗಳಿಗೆ ಉದ್ದುದ್ದ ಹೊಲಿಗೆ ಹಾಕುವುದು, ಅಮ್ಮ ಅದನ್ನು ಬಿಚ್ಚುವುದು. ಇಬ್ಬರ ಕೆಲಸವೂ ಮುಗಿಯುತ್ತಿರಲಿಲ್ಲ, ಜಗಳ ಮಾತ್ರ ಮುಗಿದಿತ್ತು.

ನಾನು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ, ಅಮ್ಮನನ್ನು ಕೇಂದ್ರಕ್ಕೆ ಕಳಿಸು ಎಂದವಳೂ ಅಕ್ಕನೇ. ಅಲ್ಲಿರೋರೆಲ್ಲ ಕಲಿತೋರು, ನಿನಗಿಂತ ಚೆನ್ನಾಗಿ ನೋಡ್ಕೋತಾರೆ ಎಂದು ಕಿಚಾಯಿಸಿದ್ದಳು. ನಾನೂ ನಕ್ಕು, ಅಂದಿನಿಂದ ಅಮ್ಮನನ್ನು ಅಲ್ಲಿಗೆ ಕಳಿಸುತ್ತಿದ್ದೆ. ಒಡಹುಟ್ಟಿದವಳ ಮಾತನ್ನು ಯಾರಾದರೂ ತೂಕ ಹಾಕಿ ನೋಡುತ್ತಾರೆಯೇ?

ಅವತ್ತು ಅಂಗಡಿಗೂ ಶಾಲೆಗೂ ರಜೆ ಹೇಳಿ ಮೂವರೂ ಅಲ್ಲಿಗೆ ಹೊರಟೆವು. ಕೇಂದ್ರದ ಬಾಗಿಲಲ್ಲಿ "ತರಬೇತಿ ಪಡೆದ ಸಿಬ್ಬಂದಿ" ಎಂಬ ಬೋರ್ಡು ಎಂದಿನಂತೆ ಹೊಳೆಯುತ್ತಿತ್ತು. ಒಳಗೆ ಕಾಲಿಟ್ಟ ಕೂಡಲೇ ಅಮ್ಮ ನನ್ನ ಕೈ ಬಿಟ್ಟು, ಯಾರೂ ಹೇಳದೆಯೇ ಗೋಡೆಯ ಪಕ್ಕದ ಕುರ್ಚಿಗೆ ಹೋಗಿ ಕೂತಳು. ಮುಂಗೈ ಒಡ್ಡಿದಳು. ಕುರ್ಚಿಯ ಕೈಗಳಿಗೆ ಹೂವಿನ ಚಿತ್ತಾರದ ಎರಡು ಬಟ್ಟೆಪಟ್ಟಿಗಳು ಜೋತುಬಿದ್ದಿದ್ದವು. ಕಿಟಕಿಯ ಪರದೆಯೂ ಅದೇ ಚಿತ್ತಾರದ್ದು. ಅದರ ಅಂಚು ಬಿಚ್ಚಿಹೋಗಿತ್ತು.

ಅಲ್ಲಿದ್ದ ಕೆಲಸದ ಹುಡುಗಿ ನನ್ನನ್ನು ನೋಡಿ ಬಿಳಚಿಕೊಂಡಳು. ಅಜ್ಜಿ ಪರದೆ ಹಾಳು ಮಾಡುತ್ತಾರೆ, ಹಿಂದಿನಿಂದ ಕೈ ಹಿಡಿದು ಎಳೆದರೆ ಪರಚುತ್ತಾರೆ ಎಂದು ತನ್ನ ತೋಳು ತೋರಿಸಿದಳು. ನಿಜ, ಉದ್ದಕ್ಕೂ ಉಗುರಿನ ಗೀರುಗಳಿದ್ದವು. ಎದುರಿಗೆ ಬಂದು ಮಾತಾಡಿಸಬೇಕು ಎಂದು ಯಾರೂ ಹೇಳಲಿಲ್ಲವೇ ಎಂದು ಕೇಳಿದೆ.

"ನಾನು ಹೋದ ತಿಂಗಳವರೆಗೂ ಬೇಕರೀಲಿದ್ದೆ ಅಕ್ಕಾ. ಇವರನ್ನ ಹೇಗೆ ನೋಡ್ಕೋಬೇಕು ಅಂತ ಇಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಕಟ್ಟೋದು ಮ್ಯಾಡಮ್‌ಗೂ ಗೊತ್ತು."

ಮ್ಯಾಡಮ್ ಎಂದರೆ ನಮ್ಮಕ್ಕ. ಅವಳ ಕೋಣೆಗೆ ಗಾಜಿನ ಗೋಡೆ. ಅಲ್ಲಿ ಕೂತರೆ ಈ ಕುರ್ಚಿ ನೇರ ಕಣ್ಣಿಗೆ ಬೀಳುತ್ತದೆ.

ಅಕ್ಕ ಹೊರಗೆ ಬಂದಳು. ನಾನು ಅಮ್ಮನ ತೋಳು ಸರಿಸಿ ತೋರಿಸಿದೆ. ಅವಳು ಅದನ್ನು ನೋಡಲಿಲ್ಲ. ತಾನು ಕಲಿಸಿ ತಯಾರು ಮಾಡಿದವರೆಲ್ಲ ಎದುರು ರಸ್ತೆಯ ದೊಡ್ಡ ಕೇಂದ್ರಕ್ಕೆ ಹಾರಿಹೋದರು, ಬೇರೆಯವರ ಮನೆ ಬೆಳಗಲು ತಾನೇಕೆ ಕಲಿಸಬೇಕು ಎಂದು ತರಬೇತಿ ನಿಲ್ಲಿಸಿದ್ದಾಗಿ ಹೇಳಿದಳು. ಹಾಗಾದರೆ ಕಲಿಯದವರು ಎಷ್ಟು ದಿನ ನಿಂತರು ಎಂದೆ. ನಾನು ಬಂದಾಗಲೆಲ್ಲ ಇಲ್ಲಿ ಹೊಸ ಮುಖ. ಪರಚಿಸಿಕೊಂಡು, ಬೈಸಿಕೊಂಡು ಯಾರು ತಾನೇ ಇರುತ್ತಾರೆ? ಕಿಟಕಿಯ ಸಾಲಿನ ಕುರ್ಚಿಗಳು ಅರ್ಧಕ್ಕರ್ಧ ಖಾಲಿಯಾಗಿದ್ದವು. ಮನೆಯವರು ಒಬ್ಬೊಬ್ಬರಾಗಿ ತಮ್ಮವರನ್ನು ಬಿಡಿಸಿಕೊಂಡು ಹೋಗಿದ್ದರು. ನಾನೂ ಕರೆದುಕೊಂಡು ಹೋದರೆ ನನ್ನ ಕೆಲಸ ಹೋಗುತ್ತದೆ. ಬಿಟ್ಟು ಹೋಗಲು ಕಾಲು ಏಳಬೇಕಲ್ಲ.

"ನಾನೂ ಅವಳ ಹೊಟ್ಟೇಲಿ ಹುಟ್ಟಿದೋಳೇ ಕಣೆ," ಎಂದಳು ಅಕ್ಕ. "ನಂಗೆ ಸಂಕಟ ಆಗಲ್ವಾ?"

"ಆಗುತ್ತೆ ಅಂತ ಗೊತ್ತು. ಅದಕ್ಕೇ ತಡ್ಕೊಳ್ಳೋಕಾಗ್ತಿಲ್ಲ. ಗೊತ್ತಿಲ್ಲದೋರು ಕಟ್ಟಿದ್ರೆ ಬೈದು ಸುಮ್ಮನಾಗ್ತಿದ್ದೆ. ನೀನು ಗೊತ್ತಿದ್ದೋಳು."

ಮನೆಗೆ ಬಂದಾಗಲೆಲ್ಲ ಅಮ್ಮನ ಎದುರಿಗೆ ಮಂಡಿಯೂರಿ, ಮುಖ ತೋರಿಸಿ, ಮೆಲ್ಲಗೆ ಮಾತಾಡಿಸುತ್ತಿದ್ದವಳು ಇವಳೇನಾ ಎನ್ನಿಸಿತು. ಅದೆಲ್ಲ ಸುಳ್ಳಾಗಿದ್ದರೆ ಎಷ್ಟೋ ವಾಸಿಯಿತ್ತು. ಸುಳ್ಳಲ್ಲ. ಹಾಗೆ ಮಾತಾಡಿಸಿ, ಇಲ್ಲಿಗೆ ಬಂದು, ಗಾಜಿನಾಚೆ ಕೂತು ಇದನ್ನು ನೋಡುತ್ತಿದ್ದಳು.

ಅಷ್ಟರಲ್ಲಿ ಮಗಳು ಅಜ್ಜಿಯ ಎದುರು ನೆಲದ ಮೇಲೆ ಕೂತಿದ್ದಳು. "ಅಜ್ಜಿ, ನಾನು. ಇದು ಸ್ವಲ್ಪ ಬಿಚ್ಚಿಕೊಡ್ತೀಯಾ?" ಎಂದು ತನ್ನ ಲಂಗದ ಅಂಚನ್ನು ಅವಳ ಬೆರಳುಗಳಿಗೆ ಕೊಟ್ಟಳು. ಅಮ್ಮ ಕಣ್ಣು ತೆರೆದಳು. ಉಗುರಿನಿಂದ ದಾರದ ತುದಿ ಹುಡುಕಿದಳು, ಎಳೆದಳು, ದರ್ಜಿಯಂಗಡಿಯ ಹಳೆಯ ಗತ್ತಿನಲ್ಲಿ, ಹೊಲಿದವಳಿಗೆ ಕೈ ಕುದುರಿಲ್ಲ ಎಂದು ಗೊಣಗಿದಳು. ಹೊಲಿದವಳು ನಾನೇ. ಬೇಕರಿಯ ಹುಡುಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

"ಇಷ್ಟೇನಾ?" ಎಂದಳು ಆ ಹುಡುಗಿ.

ಅಕ್ಕ ಗೋಡೆಯ ಕಡೆ ತಿರುಗಿದಳು. ಮಗಳು ಲಂಗವನ್ನು ಅಜ್ಜಿಯ ಕೈಯಿಂದ ಬಿಡಿಸಿಕೊಳ್ಳದೆ, ಕೂತಲ್ಲಿಂದಲೇ ತಲೆಯೆತ್ತಿ, ಬೆಳಿಗ್ಗೆ ನುಂಗಿಕೊಂಡಿದ್ದ ಪ್ರಶ್ನೆಗೆ ಇಲ್ಲಿ ಕಂಡದ್ದನ್ನೂ ಸೇರಿಸಿ ಕೇಳಿದಳು.

"ದೊಡ್ಡಮ್ಮ, ನಮ್ಮಮ್ಮಂಗೆ ಎಲ್ಲಾ ಹೇಳಿಕೊಟ್ಯಲ್ಲ, ಇವರಿಗೆ ಯಾಕೆ ಹೇಳಿಕೊಡಲಿಲ್ಲ?"