ತಾಳ ಹಾಕುವ ಕೈ

ಶಾಲೆಯ ಸಭಾಂಗಣದ ಹಿಂದಿನ ಬೆಂಚಿನಲ್ಲಿ ಏನೋ ಮೇಲೇರಿ ಕೆಳಗಿಳಿಯಿತು, ಪಿಯಾನೋ ನುಡಿಸುತ್ತಿದ್ದ ಫಿಲೂರಾಳ ಕಣ್ಣಂಚಿಗೆ ಕಂಡದ್ದು ಅಷ್ಟೇ, ಬೀಸಣಿಗೆಯಿರಬೇಕು, ಈ ಜಾರ್ಜಿಯಾದ ಸೆಕೆಗೆ ಯಾರ ಕೈಯಲ್ಲಿ ಬೀಸಣಿಗೆಯಿಲ್ಲ — ಮತ್ತೆ ಮೇಲೆ, ಮತ್ತೆ ಕೆಳಗೆ, ಅಯ್ಯೋ ದೇವರೇ, ಅದು ಅಪ್ಪನ ಕೈ, ಬಾ ಎಂದು ಕರೆದಿರಲಿಲ್ಲ, ಆದರೂ ಹೇಸರಗತ್ತೆ ಹತ್ತಿ ಗುಡ್ಡ ಇಳಿದು ಬಂದೇಬಿಟ್ಟಿದ್ದಾನೆ. ಗುಡ್ಡದ ಚರ್ಚಿನಲ್ಲಿ ಎಲ್ಲರೂ ಹೀಗೇ, ಹಾಡುವವರೆಲ್ಲ ಕೈಯೆತ್ತಿ ಇಳಿಸಿ ತಾಳ ಹಾಕುತ್ತಾರೆ, ಪದಕ್ಕೆ ಮೊದಲು ಬರೀ ಸ್ವರ ಹಾಡುತ್ತಾರೆ, ಪುಸ್ತಕದಲ್ಲಿ ಸ್ವರದ ಗುರುತು ಗುಂಡಗಿದ್ದರೆ ಸೋಲ್, ಚೌಕವಿದ್ದರೆ ಲಾ, ಅವನ ತೊಡೆಯ ಮೇಲೆ ಕೂತೇ ಕಲಿತಳಲ್ಲ, ಕೈ ಮೊದ್ಲು ಮಗಾ, ಬಾಯಿ ಆಮೇಲೆ — ಈ ಊರಲ್ಲಿ ಅದೆಲ್ಲ ಕಾಡುಜನರ ಅರಚಾಟ, ಇಲ್ಲಿ ಅವಳು ಬಾಸ್ಟನ್ನಿನಲ್ಲಿ ಕಲಿತು ಬಂದ ಸಂಗೀತದ ಮೇಡಂ, ಇನ್ನೇನು ಅವಳು ಕಲಿಸಿದ ಹುಡುಗಿಯರು ಹಾಡಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ಹಿಂದಿನಿಂದ ಒಡಕು ಗಂಟಲು, ಫಾ ಸೋಲ್ ಲಾ, ಹುಡುಗಿಯರು ಕಿಸಕ್ಕನೆ ನಕ್ಕರು, ಅವಳ ಬೆರಳು ನಿಂತವು, ಶಾಲೆಯ ಯಜಮಾನಿ ಮಿಸೆಸ್ ಟ್ಯಾರಂಟ್ ಬಗ್ಗಿ, ಯಾರ್ರೀ ಅದು, ನಿಮ್ಮ ಕಡೆಯವ್ರಾ? ಅಯ್ಯೋ ಇಲ್ಲಮ್ಮ, ಯಾರೋ ಗುಡ್ಡದವ್ನು, ದಾರಿ ತಪ್ಪಿ ಬಂದಿರ್ಬೇಕು — ಎಷ್ಟು ಸಲೀಸಾಗಿ ಬಂತು, ಎಲುಬಿಲ್ಲದ ನಾಲಗೆ, ಅದೂ ಸಭೆಯೆಲ್ಲ ಗಪ್‌ಚಿಪ್ಪಾಗಿದ್ದಾಗ, ಮೇಲೇರಿದ್ದ ಕೈ ಅರ್ಧಕ್ಕೇ ನಿಂತಿತು, ಕೇಳಿಸಿತೇ, ಇಲ್ಲ, ಅವನಿಗೆ ಕಿವಿ ಮಂದ — ಸುಳ್ಳಿ, ಮತ್ತೊಂದು ಸುಳ್ಳು, ನೂರು ದನಿಗಳ ನಡುವೆ ಒಂದು ಅಪಸ್ವರವನ್ನು ಹೆಕ್ಕಿ ಹಿಡಿಯುವ ಕಿವಿ ಅದು.

ಹಾಡು ಮುಗಿಯಿತು, ಹೇಗೆ ಮುಗಿಯಿತೋ, ಜನ ಸಾಲುಗಟ್ಟಿ ಬಂದು ಬಲು ಸೊಗಸು, ಬಲು ಸೊಗಸು ಅನ್ನುತ್ತಿದ್ದಾರೆ, ಪಕ್ಕದಲ್ಲೇ ಮಿಸೆಸ್ ಟ್ಯಾರಂಟ್, ಸಾಲಿನ ಕೊನೆಯಲ್ಲಿ ಆ ಹಳೆ ಕೋಟು, ಹತ್ತಿರ ಬಂದಂತೆ ಜೇಬಿನಿಂದ ಸುಟ್ಟ ಗೆಣಸಿನ ವಾಸನೆ, ಅವಳಿಗೇ ತಂದದ್ದು, ಇನ್ನು ಫಿಲೀ ಅನ್ನುತ್ತಾನೆ, ಮಾನ ಹೋಯಿತು, ಕೆಲಸ ಹೋಯಿತು, ಹೋಗಲಿ, ಅನ್ನಲಿ, ಅಂದುಬಿಡಪ್ಪಾ — ಅವನು ಟೋಪಿ ತೆಗೆದು ತಲೆಬಾಗಿಸಿದ, ಬಲು ಚಂದಾಗಿ ಕಲಿಸೀರಿ ಮೇಡಮ್ಮೋರೇ, ಗುಡ್ಡದವ್ನು ನಾನು, ದಾರಿ ತಪ್ಪಿ ಬಂದೆ, ತೆಪ್ಪಾಯ್ತು. ತಪ್ಪು! ಅವನದಂತೆ! ಅಪ್ಪಾ ಅನ್ನು, ಒಂದೇ ಮಾತು, ಅನ್ನೇ ಪಾಪಿ, ಬಾಯಿಂದ ಬಂದದ್ದು ಥ್ಯಾಂಕ್ಯೂ ಸಾರ್, ಹಡೆದವನಿಗೆ ಥ್ಯಾಂಕ್ಯೂ ಸಾರ್, ಥೂ, ಆಗ ಅಭ್ಯಾಸಬಲದಿಂದ ಅವನ ಕೈ ಅವಳ ತಲೆ ಸವರಲು ಮೇಲೆದ್ದಿತು, ನೆನಪಾಯಿತೇನೋ, ಅಲ್ಲೇ ಅರ್ಧಕ್ಕೆ ನಿಂತಿತು, ಅವನು ಹೊರಟುಹೋದ, ಬಾಗಿಲು ಮುಚ್ಚಿತು, ಆ ಕೈ ಮಾತ್ರ ಇಳಿಯಲಿಲ್ಲ, ಅವಳ ತಲೆಯ ಮೇಲೆ, ಅರ್ಧಕ್ಕೆ, ಎತ್ತಿದ ಕೈ —