ತುಂಬ ಅಡ್ಜಸ್ಟಿಂಗ್

ಹೇಳಿದ ಮಾತು ಕೇಳುವವರಿಗೆ ಇಂಗ್ಲಿಷಿನಲ್ಲಿ ಎಷ್ಟೊಂದು ಹೆಸರು. ಚೆಂಬೂರಿನ ನಮ್ಮ ಮನೆಯ ಮುಚ್ಚಿದ ಬಾಲ್ಕನಿಯಲ್ಲಿ ಕೂತು ವರ್ಷಗಟ್ಟಲೆ ಟ್ಯೂಷನ್ ಮಕ್ಕಳಿಗೆ ಅದನ್ನೇ ಬಿಡಿಸಿ ಹೇಳಿದವಳು ನಾನು. ಒಬಿಡಿಯೆಂಟ್ ಅಂದರೆ ಹಿರಿಯರ ಮಾತು ನಡೆಸುವವಳು, ಅದು ಹೊಗಳಿಕೆ. ಕಂಪ್ಲಾಯಂಟ್ ಅಂದರೆ ನಿಯಮ ಪಾಲಿಸುವವನು. ಪೊಲೀಸ್ ಕಂಡಕೂಡಲೇ ಹೆಲ್ಮೆಟ್ ಹಾಕಿಕೊಳ್ಳುವವನೂ ಅವನೇ, ಮನಸ್ಸು ಒಪ್ಪಬೇಕೆಂದೇನಿಲ್ಲ. ಡೋಸೈಲ್ ಅಂದರೆ ಎಳೆದತ್ತ ಬರುವ ಸಾಧು, ಮನುಷ್ಯರಿಗೆ ಹೇಳಿದರೆ ಸ್ವಲ್ಪ ತಾತ್ಸಾರವೂ ಸೇರುತ್ತದೆ. ಸಬ್ಮಿಸಿವ್ ಅಂದರೆ ತಲೆಯನ್ನೇ ಎತ್ತದವಳು. ಯಾರಾದರೂ 'ಅಡ್ಜಸ್ಟಿಂಗ್' ಅಂತ ಬರೆದರೆ ಮಾತ್ರ ಕೆಂಪು ಗೆರೆ ಎಳೆಯುತ್ತಿದ್ದೆ. ಲೋಕಲ್ ಟ್ರೇನಿನಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಅರ್ಧ ಕೂರುತ್ತೇವಲ್ಲ, ಅದಕ್ಕೆ ನಾವೇ ಇಟ್ಟುಕೊಂಡ ಹೆಸರು, ಪರೀಕ್ಷೆಯಲ್ಲಿ ನಡೆಯುವುದಿಲ್ಲ ಎನ್ನುತ್ತಿದ್ದೆ.

ನಮ್ಮ ಹಳೇ ಬಿಲ್ಡಿಂಗ್ ಒಡೆದು ಹೊಸದು ಕಟ್ಟುವುದು ಖಾತ್ರಿಯಾದ ಮೇಲೆ ಒಂದು ದಿನ ಅಮ್ಮ ಬಾಲ್ಕನಿಗೆ ಬಂದು ನನ್ನ ಮಂಚದ ಮೇಲೆ ಕೂತಳು. ಅಪ್ಪ ಹೋದ ಮೇಲೆ ಮನೆ ಮೂವರ ಹೆಸರಿನಲ್ಲಿತ್ತು: ಅಮ್ಮ, ನಾನು, ತಮ್ಮ ಸಂದೀಪ.

"ವಿನ್ನೂ, ಒಂದೇ ಹೆಸರಿದ್ದರೆ ಬಿಲ್ಡರಿಗೆ ಸುಲಭ ಅಂತೆ. ನಿನ್ನ ಪಾಲು ಸಂದೀಪನಿಗೆ ಬಿಟ್ಟೆ ಅಂತ ಒಂದು ಸೈನ್ ಮಾಡು. ನಾನೂ ಮಾಡ್ತೇನೆ. ಹೊಸ ಮನೆಯಲ್ಲಿ ನಿನಗೆ ಬಾಗಿಲಿರುವ ರೂಮು ಉಂಟು. ನಾನು ಹೇಳ್ತಿದ್ದೇನಲ್ಲ."

ಬಾಗಿಲಿರುವ ರೂಮು. ಮದುವೆಯಾಗದೆ ನಲವತ್ತಾರು ದಾಟಿದವಳಿಗೆ, ಪರದೆ ಎಳೆದು ಸೀರೆ ಉಡುವವಳಿಗೆ, ಅದರ ಆಸೆ ಎಷ್ಟೆಂದು ಅಮ್ಮನಿಗೆ ಗೊತ್ತಿತ್ತು. ಸಾಲದ್ದಕ್ಕೆ ನಮ್ಮದು ಉಡುಪಿ ಕಡೆಯ ಅಳಿಯಕಟ್ಟಿನ ಕುಟುಂಬ. ಅಲ್ಲಿ ಸಂತಾನ ಎಣಿಸುವುದು ಹೆಣ್ಣಿನ ಕಡೆಯಿಂದ, ಮನೆ ಮಗಳದ್ದು. "ಮಗಳನ್ನು ಮನೆಯಿಂದ ಏಳಿಸುವ ಪದ್ಧತಿ ನಮ್ಮಲ್ಲಿಲ್ಲ" ಎಂದು ಇಡೀ ಬಿಲ್ಡಿಂಗಿನ ಎದುರು ಜಂಬ ಕೊಚ್ಚಿಕೊಂಡವಳು ನನ್ನ ಅಮ್ಮ ಶೀಲಾವತಿ. ನಾನು ಆ ಜಂಬವನ್ನೇ ನಂಬಿದೆ. 'ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ' ಎಂದು ಪತ್ರದಲ್ಲಿ ಇಂಗ್ಲಿಷಿನಲ್ಲಿತ್ತು. ಓದಿದೆ, ಅರ್ಥವೂ ಆಯಿತು. ಅಮ್ಮ ಪಕ್ಕದಲ್ಲೇ ನಿಂತಿದ್ದಳು, ಸೈನ್ ಮಾಡಿದೆ.

ಕಳೆದ ಭಾನುವಾರ ಸಂದೀಪ ಹೊಸ ಮನೆಯ ನಕ್ಷೆ ತಂದು ಊಟದ ಮೇಜಿನ ಮೇಲೆ ಹರಡಿದ.

"ಇದು ನಮ್ಮ ಬೆಡ್‌ರೂಮ್. ಇದು ಶ್ರಾವ್ಯಾಂದು, ಅವಳಿಗೆ ಬೋರ್ಡ್ ಎಕ್ಸಾಮ್ ಉಂಟಲ್ಲ. ಅಮ್ಮ ಹಾಲ್‌ನಲ್ಲಿ."

"ನನ್ನದು?"

ಅವನು ಫೋನಿನಲ್ಲಿ ಏನೋ ಹುಡುಕಿದ. "ಅಕ್ಕ, ಗೋರೆಗಾಂವ್‌ನಲ್ಲಿ ಒಂದು ಲೇಡೀಸ್ ಹಾಸ್ಟೆಲ್ ನೋಡಿದ್ದೇನೆ. ಅಚ್ಛಾ ಹೈ."

"ಕಟ್ಟಿ ಮುಗಿಯುವ ತನಕವಾ?"

"ಆಮೇಲೂ. ಇರುವುದೇ ಎರಡು ರೂಮು, ಜಾಗ ಎಲ್ಲುಂಟು ಹೇಳು? ನೀನು ತುಂಬ ಅಡ್ಜಸ್ಟಿಂಗ್, ಬೇಡ ಅನ್ಲಿಕ್ಕಿಲ್ಲ ಅಂತ ಅಮ್ಮನೇ ಹೇಳಿದ್ದು."

ನನ್ನ ಟ್ಯೂಷನ್ ಮಕ್ಕಳೆಲ್ಲ ಚೆಂಬೂರಿನವರು. ಅಷ್ಟು ದೂರದ ಗೋರೆಗಾಂವ್‌ಗೆ ಯಾರು ಬರುತ್ತಾರೆ? ಮನೆಯ ಜೊತೆ ಅನ್ನಕ್ಕೂ ಕಲ್ಲು ಬಿತ್ತು. ಅವನ ಮಗಳು ಶ್ರಾವ್ಯಾ ನಕ್ಷೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಅವಳೂ ನನ್ನ ಹತ್ತಿರವೇ ಕಲಿಯುವವಳು.

"ಪಪ್ಪಾ, ನಂಗೆ ಹಾಲ್ ಚಲೇಗಾ. ಅತ್ತೆಗೆ ರೂಮ್ ಕೊಡಿ."

"ತೂ ಚುಪ್ ಬೈಠ್," ಎಂದ ಸಂದೀಪ. ಹುಡುಗಿ ಸುಮ್ಮನಾದಳು. ಒಬಿಡಿಯೆಂಟ್. ಚೆನ್ನಾಗಿಯೇ ಕಲಿಸಿದ್ದೇನೆ.

ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದಳು. ಹೋಗಿ ಎದುರು ನಿಂತೆ.

"ಬಾಗಿಲಿರುವ ರೂಮು ಅಂದಿದ್ದೆ ನೀನು."

"ಅಂದಿದ್ದೆ."

"ಸೈನ್ ಹಾಕಿಸುವಾಗಲೇ ನಿನಗೆ ಇದು ಗೊತ್ತಿತ್ತಾ?"

ಅವಳು ತಲೆ ಎತ್ತಲಿಲ್ಲ. "ಗೊತ್ತಿತ್ತು. ಬಿಟ್ಟುಕೊಡು ಅಂತ ಅವನಿಗೆ ಹೇಳಿದ್ದರೆ ಬಿಡ್ತಿದ್ದನಾ? ಮನೆಯಲ್ಲಿ ದೊಡ್ಡ ಗಲಾಟೆ ಆಗ್ತಿತ್ತು. ನೀನು ಸಣ್ಣವಳಿರುವಾಗಿಂದ ಹೇಳಿದ್ದು ಕೇಳುವವಳು. ಅದಕ್ಕೇ ನಿನ್ನ ಹತ್ತಿರ ಕೇಳಿದ್ದು."

ಮೈಯೆಲ್ಲ ಉರಿದುಹೋಯಿತು. ತಮ್ಮನ ಮೇಲೆ ಅಲ್ಲ. ಅವನು ಯಾವತ್ತೂ ಹಾಗೆಯೇ, ಅವನಿಂದ ನಾನು ಏನನ್ನೂ ಬಯಸಿರಲಿಲ್ಲ. ಒಳ್ಳೆಯ ಮಗಳೆಂದು ತಲೆ ಸವರಿದ ಕೈಯೇ, ಒಳ್ಳೆಯವಳು ಎನ್ನುವ ಕಾರಣಕ್ಕೇ ನನ್ನನ್ನು ಆರಿಸಿಕೊಂಡು ಕುತ್ತಿಗೆ ಕೊಯ್ದಿತಲ್ಲ, ಅದು ತಡೆಯಲಿಲ್ಲ. ಬಾಲ್ಕನಿಗೆ ಹೋಗಿ ಪರದೆ ಎಳೆದುಕೊಂಡೆ.

ಸಂಜೆ ಟ್ಯೂಷನ್ನಿಗೆ ರಜೆ ಕೊಟ್ಟು ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಹಾಲ್‌ನಲ್ಲಿ ಸಂದೀಪ ಟಿವಿ ನೋಡುತ್ತಿದ್ದ, ಅಮ್ಮ ಅವನ ಪಕ್ಕದಲ್ಲೇ ಕೂತಿದ್ದಳು.

"ವಿನ್ನೂ, ಗುಳಿಗೆಗೆ ಬಿಸಿನೀರು ತಾ."

ನಾನು ಆಗಲೇ ಎದ್ದು ನಿಂತಿದ್ದೆ. ನನ್ನನ್ನು ಕೇಳದೆ ಕಾಲು ಅಡುಗೆಮನೆಗೆ ಹೋಗಿತ್ತು, ಕೈ ನೀರು ಕಾಯಿಸಿತ್ತು. ಲೋಟ ಅವಳ ಕೈಗಿಟ್ಟು ಹೇಳಿದೆ:

"ಇನ್ನು ಮೇಲೆ ಸಂದೀಪನ ಹತ್ತಿರ ಕೇಳು."

ಅಮ್ಮ ಟಿವಿ ನೋಡುತ್ತಿದ್ದ ಮಗನತ್ತ ಒಮ್ಮೆ ತಿರುಗಿ ನೋಡಿದಳು. ಮತ್ತೆ ನನ್ನ ಮುಖ ನೋಡಿ, ನನಗೆ ಇಷ್ಟೂ ತಿಳಿಯುವುದಿಲ್ಲವಾ ಎನ್ನುವ ಹಾಗೆ, ಮೆಲ್ಲಗೆ ಹೇಳಿದಳು.

"ಅವನೆಲ್ಲಿ ತಂದುಕೊಡ್ತಾನೆ ಮಾರಾಯ್ತಿ."