ಗೋಡೆ ಮರೆಯ ಗೆಡ್ಡೆಗಳು

ಆಲಿಕಲ್ಲು ಬಿದ್ದದ್ದು ಒಂದೇ ಮಧ್ಯಾಹ್ನ. ಅದೂ ಗೆರೆ ಎಳೆದಂತೆ ಹಸಿಂತಾಳ ಹೊಲದ ಮೇಲೆ ಬಿದ್ದು, ಪಕ್ಕದಲ್ಲೇ ಇದ್ದ ಅವಳ ವಾರಗಿತ್ತಿ ಮೆಲ್ಚೋರಾಳ ಹೊಲವನ್ನು ಮುಟ್ಟದೆ ಹೋಗಿತ್ತು. ಎಲೆ ಹರಿದ ಗಿಡಗಳ ಬುಡದಲ್ಲಿ ಹಸಿಂತಾಳಿಗೆ ಸಿಕ್ಕಿದ್ದು ಕೋಳಿಮೊಟ್ಟೆಗಿಂತ ಚಿಕ್ಕ ಆಲೂಗಡ್ಡೆ. ಮೆಲ್ಚೋರಾ ಅಗೆದಲ್ಲೆಲ್ಲ ಒಂದು ಕೈಯಲ್ಲಿ ಹಿಡಿಯಲಾಗದಷ್ಟು ದಪ್ಪ ಗೆಡ್ಡೆ. ಅವಳು “ಅಯ್ಯೋ, ಇದೊಂದು ನೋಡ್ರೇ!” ಎಂದು ಕೂಗಿದಾಗಲೆಲ್ಲ ಹಸಿಂತಾಳ ಹೊಟ್ಟೆಯಲ್ಲಿ ಯಾರೋ ಕೆಂಡ ಕೆದಕಿದಂತಾಗುತ್ತಿತ್ತು.

ಜೂನ್ ಬಂತು. ಆ ಎತ್ತರದ ಬಯಲಿನಲ್ಲಿ ಕೊಡದ ನೀರನ್ನೇ ಕಲ್ಲು ಮಾಡುವ ಚಳಿ ಇರುವುದು ಆಗ. ಗೆಡ್ಡೆಗಳನ್ನು ಬಯಲಿಗೆ ಹರಡಿ ಹೆಪ್ಪುಗಟ್ಟಿಸಬೇಕು. ಬಿಸಿಲಿಗೆ ಮೆತ್ತಗಾದ ಮೇಲೆ ಬರಿಗಾಲಲ್ಲಿ ತುಳಿದು, ನೀರು ಹಿಂಡಿ ಒಣಗಿಸಬೇಕು. ಅದೇ ಚುನ್ಯೋ. ವರ್ಷಗಟ್ಟಲೆ ಕೆಡುವುದಿಲ್ಲ. ಹೆಪ್ಪು ಒಳಗಿನ ತನಕ ಇಳಿಯದಿದ್ದರೆ ಮಾತ್ರ ಕೊಳೆತು ನಾರುತ್ತದೆ.

ಹಸಿಂತಾ ತನ್ನದನ್ನು ಬಯಲ ನಡುವೆಯೇ ಹರಡಿದಳು. ಕುರಿ ಅಟ್ಟಿಕೊಂಡು ಹೋಗುತ್ತಿದ್ದ ಮುದುಕ ತೊರಿಬಿಯೋ ನಿಂತು ನೋಡಿದ.

“ಏನವ್ವಾ, ಗೋಲಿ ಆಡೋಕೆ ಹರಡಿದ್ದೀಯಾ?”

“ಹೌದು ಮಾವ, ಬಾ ಒಂದಾಟ. ಸೋತರೆ ಕುರಿ ಬಿಟ್ಟು ಹೋಗ್ಬೇಕು.”

ಮೆಲ್ಚೋರಾಳ ಗೆಡ್ಡೆಗಳು ಮಾತ್ರ ಬಯಲಿನಲ್ಲಿ ಎಲ್ಲೂ ಕಾಣಲಿಲ್ಲ.

ಕೆಲವು ರಾತ್ರಿ ಕಳೆಯುವಷ್ಟರಲ್ಲಿ ಹಸಿಂತಾಳ ಗೆಡ್ಡೆಗಳು ಒಂದಕ್ಕೊಂದು ತಾಗಿಸಿದರೆ ಟಕ್ ಎನ್ನುವಂತಾದವು. ಚಿಕ್ಕವಾದ್ದರಿಂದಲೇ ಚಳಿ ಒಳಹೊಕ್ಕಿತ್ತು. ಆದರೂ ಅವಳಿಗೆ ಸಮಾಧಾನವಿಲ್ಲ. ಉಪ್ಪು ಕೇಳುವ ನೆಪದಲ್ಲಿ ವಾರಗಿತ್ತಿಯ ಮನೆಗೆ ಹೋದಳು. ಮೆಲ್ಚೋರಾ ನೀರಿಗೆ ಹೋಗಿದ್ದಳು. ಮನೆಯ ಹಿಂದೆ, ಹೊರೆ ಹೊರುವ ಲಾಮಾಗಳ ದೊಡ್ಡಿಯ ಎರಡು ಕಲ್ಲುಗೋಡೆ ಸೇರುವ ಮೂಲೆಯಲ್ಲಿ, ದಾರಿಯವರ ಕಣ್ಣಿಗೆ ಬೀಳದಂತೆ ಗೆಡ್ಡೆಗಳು ಹರಡಿದ್ದವು.

ಯಾರ ಕಣ್ಣಿಗೆ? ನನ್ನ ಕಣ್ಣಿಗೇ, ಇನ್ಯಾರದು, ಎಂದುಕೊಂಡಳು ಹಸಿಂತಾ.

ಎಲ್ಲಕ್ಕಿಂತ ದಪ್ಪದ್ದನ್ನು ಎತ್ತಿ ಗೋಡೆಗೆ ಬಡಿದಳು. ಹೊರಗೆ ಬಿಳಿ ಹೆಪ್ಪು, ಒಳಗೆ ಹಸಿಹಸಿ. ಹಗಲೆಲ್ಲ ಬಿಸಿಲು ಕುಡಿದ ಕಲ್ಲುಗಳು ರಾತ್ರಿ ಆ ಮೂಲೆಯನ್ನು ಬೆಚ್ಚಗಿಟ್ಟಿದ್ದವು. ಹಸಿಂತಾಳಿಗೆ ಮೊದಲು ಆದದ್ದು ಸಂತೋಷ. ಪಡುವಣದಲ್ಲಿ ಮೋಡ ಮೇಲೇಳುತ್ತಿತ್ತು. ಮೋಡ ಕವಿದರೆ ಚಳಿ ಮುರಿಯುತ್ತದೆ. ಸುಮ್ಮನೆ ಮನೆಗೆ ಹೋದರೆ ಸಾಕು, ಅಷ್ಟೂ ಗೆಡ್ಡೆ ಕೊಳೆಯುತ್ತದೆ.

“ಏನೇ ಹುಡುಕ್ತಿದ್ದೀಯಾ?” ಬಿಂದಿಗೆ ಹೊತ್ತ ಮೆಲ್ಚೋರಾ ಹಿಂದೆಯೇ ನಿಂತಿದ್ದಳು.

ಹಸಿಂತಾ ಒಡೆದ ಗೆಡ್ಡೆಯನ್ನು ಹೊದ್ದ ಶಾಲಿನೊಳಗೆ ಸರಿಸಿದಳು. “ನೀನು ಬಚ್ಚಿಟ್ಟಿದ್ದನ್ನ ನೋಡೋಕೆ ಬಂದೆ ಅಕ್ಕ.”

“ನೋಡ್ದೆ ತಾನೆ? ತಣ್ಣಗಾಯ್ತಾ?” ಮೆಲ್ಚೋರಾ ಬಿಂದಿಗೆ ಕುಕ್ಕಿದಳು. “ಅಗೆದ ದಿನದಿಂದ ನಂಗೆ ನಿದ್ದೆ ಇಲ್ಲ ಕಣೇ. ಇಷ್ಟು ಕೊಟ್ಟ ದೇವರು ಬದಲಿಗೆ ಏನು ಕಿತ್ಕೋತಾನೋ ಅಂತ. ದಾರೀಲಿ ಯಾರು ನಿಂತರೂ ಕಣ್ಣು ಹಾಕ್ತಾರೇನೋ ಅನ್ಸುತ್ತೆ. ನೀನು ನೋಡು, ಹೊಲ ಹಾಳಾದರೂ ಗೊರಕೆ ಹೊಡೀತೀಯ. ನಮ್ಮನೇವರೆಗೆ ಕೇಳುತ್ತೆ. ಅದನ್ನ ಕೇಳ್ತಾ ಮಲಗಿರ್ತೀನಲ್ಲ, ಹೊಟ್ಟೆ ಉರಿಯುತ್ತೆ!”

ತನ್ನನ್ನು ಕಂಡು ಯಾರಾದರೂ ಹೊಟ್ಟೆ ಉರಿದುಕೊಂಡಾರು ಎಂದು ಹಸಿಂತಾ ಎಣಿಸಿರಲಿಲ್ಲ. ನಾಚಿಕೆಯಾಗುವಷ್ಟು ಹಿತವಾಯಿತು. ಆ ಹಿತದಲ್ಲೇ ಗೆಡ್ಡೆ ಹೊರತೆಗೆದು ಅವಳ ಮುಂದೆ ಹಿಡಿದಳು.

“ನೋಡಿಲ್ಲಿ. ನನ್ನ ಕಣ್ಣಿಂದ ಮರೆ ಮಾಡೋಕೆ ಹೋಗಿ ಚಳಿಯಿಂದಲೂ ಮರೆ ಮಾಡಿದ್ದೀಯ.”

ಮೆಲ್ಚೋರಾ ಒಳಗಿನ ಹಸಿಯನ್ನು ಬೆರಳಿಂದ ಒತ್ತಿ ನೋಡಿ ಅಲ್ಲೇ ನೆಲದ ಮೇಲೆ ಕೂತಳು. “ಮುಗೀತು.”

“ಏನೂ ಮುಗ್ದಿಲ್ಲ. ಮೋಡ ಇನ್ನೂ ದೂರ ಇದೆ, ಇವತ್ತಿನ ರಾತ್ರಿ ಸಿಗುತ್ತೆ. ಬಯಲಲ್ಲಿ ನನ್ನ ಪಕ್ಕ ಜಾಗ ಇದೆ. ಆದರೆ ಇಷ್ಟು ದಪ್ಪದ್ದು ಒಂದೇ ರಾತ್ರೀಲಿ ಆಗಲ್ಲ, ಕುಯ್ದು ಹರಡ್ಬೇಕು. ಏಳು, ಚಾಕು ತಾ.”

ಹೊತ್ತು ಇಳಿಯುವ ತನಕ ಇಬ್ಬರೂ ಹೊತ್ತರು, ಕುಯ್ದರು. ಊರೆಲ್ಲ ನೋಡಲೆಂಬಂತೆ ದೊಡ್ಡದಾಗಿದ್ದ ಗೆಡ್ಡೆಗಳು ಚಾಕುವಿನಡಿ ಎರಡಾಗಿ, ನಾಲ್ಕಾಗಿ ಬೀಳುವಾಗ ಹಸಿಂತಾಳ ಎದೆ ಹಗುರಾಗುತ್ತಿತ್ತು. ಕುಯ್ದರೂ ವಾರಗಿತ್ತಿಯ ರಾಶಿ ತನ್ನದಕ್ಕಿಂತ ದೊಡ್ಡದೇ ಎಂದು ಕಂಡಾಗ ಮತ್ತೆ ಭಾರವಾಗುತ್ತಿತ್ತು. ಕತ್ತಲಾಗುವ ಮೊದಲೇ ಕೈ ತೊಳೆಯುವ ಬೋಗುಣಿಯ ನೀರಿನ ಮೇಲೆ ತೆಳ್ಳನೆ ಹೆಪ್ಪಿನ ಪದರ ಕಟ್ಟಿತು.

“ಇಷ್ಟು ಸಾಕೇನೇ?” ಮೆಲ್ಚೋರಾ ಒಂದು ತುಂಡು ತೋರಿಸಿದಳು.

ಅದು ಸಾಕಷ್ಟು ಚಿಕ್ಕದಾಗಿಯೇ ಇತ್ತು.

“ಇನ್ನೂ ಸಣ್ಣಗೆ,” ಎಂದಳು ಹಸಿಂತಾ.